ಹತ್ತು ಸಾವಿರ ಆಟ, ಅರ್ಧ ಜಿಬಿ ರ‍್ಯಾಮ್



ಬೇಸಿಗೆ ಸೂಟಿ ಬಂದಿದೆ. ನಮ್ಮ ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯ ಮನೆಗಳಲ್ಲಿ ಟಿವಿಗೆ ಚುಚ್ಚುವ ಗೇಮ್ ಸ್ಟಿಕ್ಕೋ, ಅಂಗೈಯಗಲದ ಚೀನಾ ಗೇಮ್ ಯಂತ್ರವೋ, ಅಣ್ಣ ಕಾಲೇಜು ಮುಗಿಸಿ ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪೋ ಮಕ್ಕಳ ಕೈಗೆ ಬಂದಿರುತ್ತದೆ. ಸ್ಟಿಕ್ಕಿನ ಡಬ್ಬಿಯ ಮೇಲೆ ಹತ್ತು ಸಾವಿರ ಆಟ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಮಕ್ಕಳು ಪಟ್ಟಿ ತೆರೆದು ಕೆಳಗಿಳಿಯುತ್ತ ಹೋಗುತ್ತಾರೆ. ಜಪಾನಿ ಹೆಸರುಗಳು, ಯಾರಿಗೂ ತಿಳಿಯದ ಸಂಕ್ಷೇಪಗಳು, ಒಂದೇ ಹೆಸರು ಐದಾರು ಸಲ. ಒಂದು ಆಟ ತೆರೆದುಕೊಂಡರೆ ಇನ್ನೊಂದು ಕಪ್ಪು ಪರದೆ ತೋರಿಸಿ ಸುಮ್ಮನಾಗುತ್ತದೆ. ಪಟ್ಟಿಯನ್ನು ಸ್ವಲ್ಪ ಜೋರಾಗಿ ಜಗ್ಗಿದರೆ ಯಂತ್ರವೇ ನಿಂತುಬಿಡುತ್ತದೆ. ಮನೆಯ ಹಿರಿಯರು ಆಗ ಹೇಳುವ ಮಾತು ಒಂದೇ: ಅಗ್ಗದ ಮಾಲು, ಹಾಳಾತು.

ಬಹಳ ಸಲ ಅದು ಹಾಳಾಗಿರುವುದಿಲ್ಲ. ಅದರೊಳಗೆ ಸುರಿದ ಸಂಗ್ರಹವನ್ನು ಯಾರೂ ಹಸನು ಮಾಡಿರುವುದಿಲ್ಲ. ಹಸನು ಮಾಡಿಕೊಟ್ಟರೆ ಅದೇ ಸಣ್ಣ ಯಂತ್ರ ವರ್ಷಗಟ್ಟಲೆ ಆಡಿಸುತ್ತದೆ. ಆ ಕೆಲಸ ಹೇಗೆ, ಅದನ್ನು ಯಾಕೆ ಮಾಡಬೇಕು ಎನ್ನುವುದೇ ಇವತ್ತಿನ ನನ್ನ ಮಾತು. ವೀಡಿಯೋ ಗೇಮಿನ ವಿಷಯವನ್ನು ಬಾನುಲಿಯಲ್ಲಿ ಆಡಬೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ 1990ರ ದಶಕದಲ್ಲಿ ನಮ್ಮ ತಾಲೂಕು ಊರುಗಳಲ್ಲಿ ಬೆಳೆದ ಒಂದು ತಲೆಮಾರಿನ ಬಾಲ್ಯ ಆ ಆಟಗಳಲ್ಲಿದೆ. ಅವರೇ ಇಂದು ತಂದೆತಾಯಿಗಳಾಗಿದ್ದಾರೆ. ನನ್ನ ಪಾಲಿಗೆ ಇದು ಗಂಭೀರವಾದ ವಿಷಯ.

1983ರ ಜುಲೈ 15ರಂದು ಜಪಾನಿನ ನಿಂಟೆಂಡೊ ಕಂಪನಿ ಫ್ಯಾಮಿಕಾಂ ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಆ ಅಸಲಿ ಯಂತ್ರವನ್ನು ನಮ್ಮ ಕಡೆ ಕಂಡವರು ತೀರ ಕಡಿಮೆ. ನಮಗೆ ದಕ್ಕಿದ್ದು ಅದರ ತದ್ರೂಪುಗಳು. ಸಮುರಾಯ್, ಮೀಡಿಯಾ ಮುಂತಾದ ಹೆಸರಿನಲ್ಲಿ 1990ರ ದಶಕದಲ್ಲಿ ಅವು ಭಾರತದಲ್ಲಿ ಮಾರಾಟವಾದವು. ಹುಬ್ಬಳ್ಳಿಗೆ ಹೋದವರು ಮದುವೆ ಜವಳಿಯ ಜೊತೆ ಒಂದು ವೀಡಿಯೋ ಗೇಮ್ ತಂದರೆ ಓಣಿಗೆಲ್ಲ ಸುದ್ದಿ. ಟಿವಿ ಇದ್ದ ಮನೆಯಲ್ಲಿ ತಾಸಿಗೆ ಇಷ್ಟು ಎಂದು ರೊಕ್ಕ ಕೊಟ್ಟು ಆಡುವ ಪದ್ಧತಿಯೂ ಇತ್ತು. ಆಟ ತುಂಬಿದ ಪ್ಲಾಸ್ಟಿಕ್ ಡಬ್ಬಿಯನ್ನು ನಾವು ಕ್ಯಾಸೆಟ್ಟು ಎಂದೇ ಕರೆಯುತ್ತಿದ್ದೆವು. ಹಾಡಿನ ಕ್ಯಾಸೆಟ್ಟಿನಂತೆ ಅದರೊಳಗೆ ಸುರುಳಿ ಇರಲಿಲ್ಲ, ಒಂದು ಹಸಿರು ಹಲಗೆ, ಒಂದೆರಡು ಚಿಪ್ಪು, ಅಂಚಿನಲ್ಲಿ 60 ಪಿನ್ನುಗಳ ಸಾಲು, ಅಷ್ಟೇ.

ಆ ಕ್ಯಾಸೆಟ್ಟಿನ ಮೇಲೂ ಒಂದು ಸಂಖ್ಯೆ ಇರುತ್ತಿತ್ತು: 9999 ಇನ್ 1. ತೆರೆದರೆ ಉದ್ದನೆಯ ಪಟ್ಟಿ. ಆಡಿ ನೋಡಿದರೆ ಒಳಗಿದ್ದುದು ಬೆರಳೆಣಿಕೆಯ ಆಟಗಳು. ಅದೇ ಮಾರಿಯೋ ಮೂರನೆಯ ಹಂತದಿಂದ ಶುರುವಾದರೆ ಅದಕ್ಕೊಂದು ಹೊಸ ಹೆಸರು, ಐದನೆಯದರಿಂದ ಶುರುವಾದರೆ ಮತ್ತೊಂದು ಹೆಸರು. ಈಗಿನ ಸ್ಟಿಕ್ಕಿನ ಹತ್ತು ಸಾವಿರ ಪೂರ್ತಿ ಸುಳ್ಳಲ್ಲ, ಫೈಲುಗಳು ನಿಜವಾಗಿಯೂ ಸಾವಿರಾರು ಇರುತ್ತವೆ. ಆದರೆ ಅಮೆರಿಕಕ್ಕೆ ಒಂದು, ಜಪಾನಿಗೆ ಒಂದು, ಯೂರೋಪಿಗೆ ಒಂದು, ಯಾರೋ ತಿದ್ದಿದ್ದು ಒಂದು, ಅರ್ಧ ಕೆಟ್ಟಿದ್ದು ಒಂದು, ಹೀಗೆ ಒಂದೇ ಆಟ ಹಲವು ಸಲ ಲೆಕ್ಕಕ್ಕೆ ಬಂದಿರುತ್ತದೆ. ಸಂಖ್ಯೆಯ ಮೋಹ ಅಂದಿನಿಂದ ಇಂದಿನವರೆಗೆ ಕದಲಿಲ್ಲ.

ಈಗ ಯಂತ್ರದ ಹೊಟ್ಟೆಯೊಳಗೆ ನೋಡೋಣ. ಫ್ಯಾಮಿಕಾಂಗೆ ಇದ್ದ ಕೆಲಸದ ರ‍್ಯಾಮ್ 2 ಕಿಲೋಬೈಟ್. ಚಿತ್ರ ಮೂಡಿಸುವ ಚಿಪ್ಪಿಗೆ ಬೇರೆ 2 ಕಿಲೋಬೈಟ್. 1985ರ ಸೂಪರ್ ಮಾರಿಯೋ ಬ್ರದರ್ಸ್ ಆಟ, ಅದರ ಎಲ್ಲ ಕೋಟೆ, ಕೊಳವೆ, ಮೋಡ, ಸಂಗೀತ ಸೇರಿ, 40 ಕಿಲೋಬೈಟ್. ಇವತ್ತು ಮೊಬೈಲಿನಲ್ಲಿ ಕಳಿಸುವ ಒಂದು ಶುಭೋದಯದ ಚಿತ್ರ ಅದಕ್ಕಿಂತ ದೊಡ್ಡದು. ಆ ಯಂತ್ರಕ್ಕೆ ಅಮೆರಿಕದಲ್ಲಿ ಪರವಾನಗಿ ಪಡೆದು ಬಂದ ಆಟಗಳು ಸುಮಾರು 700. ಅವುಗಳಲ್ಲಿ ಅತಿ ದೊಡ್ಡದಾದ, 1993ರ ಕರ್ಬೀಸ್ ಅಡ್ವೆಂಚರ್ 768 ಕಿಲೋಬೈಟ್. ಏಳುನೂರೂ ಅಷ್ಟೇ ದೊಡ್ಡವು ಎಂದು ಹಿಡಿದರೂ ಎಲ್ಲ ಸೇರಿ ಒಂದು ಜಿಬಿ ಮುಟ್ಟುವುದಿಲ್ಲ.

ಅಗ್ಗದ ಯಂತ್ರಗಳಲ್ಲಿ ರ‍್ಯಾಮ್ ಎಷ್ಟಿರುತ್ತದೆ? ಬ್ರಿಟನ್ನಿನಲ್ಲಿ ಮಕ್ಕಳು ಕಂಪ್ಯೂಟರ್ ಕಲಿಯಲಿ ಎಂದು ರೂಪಿಸಿದ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಹಲಗೆ 2012ರ ಫೆಬ್ರವರಿ 29ರಂದು ಮಾರಾಟಕ್ಕೆ ಬಂತು. ಆಗ ಅದರ ರ‍್ಯಾಮ್ 256 ಎಂಬಿ. 2015ರಲ್ಲಿ ಬಂದ ಪೈ ಜೀರೋ, 2021ರಲ್ಲಿ ಬಂದ ಪೈ ಜೀರೋ 2 ಡಬ್ಲ್ಯು ಎರಡಕ್ಕೂ ಇರುವುದು 512 ಎಂಬಿ. ಮಿಯೂ ಮಿನಿ ಪ್ಲಸ್ ಎಂಬ ಕೈಯಂತ್ರದಲ್ಲಿ ಬರೀ 128 ಎಂಬಿ. ಹಳೆಯ ಯಂತ್ರದ ಪ್ರೊಸೆಸರು ಏನು ಮಾಡುತ್ತಿತ್ತೋ ಅದನ್ನೇ ಅನುಕರಿಸಿ ಆಟ ನಡೆಸುವ ತಂತ್ರಾಂಶಕ್ಕೆ ಎಮ್ಯುಲೇಟರ್ ಎನ್ನುತ್ತಾರೆ. 2 ಕಿಲೋಬೈಟಿನ ಯಂತ್ರವನ್ನು ಅನುಕರಿಸಲು 128 ಎಂಬಿ ಧಾರಾಳವಾಯಿತು. ಸೋನಿಯ ಮೊದಲ ಪ್ಲೇಸ್ಟೇಷನ್ನಿಗೂ ಮುಖ್ಯ ರ‍್ಯಾಮ್ 2 ಎಂಬಿ, ಚಿತ್ರಕ್ಕೆ 1 ಎಂಬಿ ಇತ್ತು. ಅದನ್ನೂ ಈ ಪುಟ್ಟ ಯಂತ್ರಗಳು ನಡೆಸುತ್ತವೆ.

ಹಾಗಾದರೆ ಅರ್ಧ ಜಿಬಿಯ ಯಂತ್ರ ಏದುಸಿರು ಬಿಡುವುದು ಯಾವುದರಿಂದ? ಆಟದಿಂದಲ್ಲ, ಆಟದ ಪಟ್ಟಿಯಿಂದ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಡೀ ವಿಷಯದ ಗಂಟು ಇಲ್ಲೇ ಇದೆ.

ಪೈನಂಥ ಯಂತ್ರಗಳಲ್ಲಿ ನಮ್ಮ ಕಣ್ಣಿಗೆ ಕಾಣುವ ಮೆನು ಸಾಮಾನ್ಯವಾಗಿ ಎಮ್ಯುಲೇಷನ್‌ಸ್ಟೇಷನ್ ಎಂಬ ತಂತ್ರಾಂಶದ್ದು. ಯಂತ್ರ ಚಾಲೂ ಆದೊಡನೆ ಅದು ಪ್ರತಿಯೊಂದು ಹಳೆಯ ಯಂತ್ರದ ಗೇಮ್‌ಲಿಸ್ಟ್ ಫೈಲನ್ನು ಓದಿ, ಎಲ್ಲ ಆಟಗಳ ಹೆಸರು, ವರ್ಷ, ತಯಾರಕರು, ವಿವರಣೆ ಇವನ್ನೆಲ್ಲ ರ‍್ಯಾಮಿಗೆ ತಂದಿಟ್ಟುಕೊಳ್ಳುತ್ತದೆ. ನೀವು ಇವತ್ತು ಒಂದೇ ಆಟ ಆಡಿದರೂ ಸರಿ, ಇಡೀ ಪಟ್ಟಿ ಅಲ್ಲಿ ಕೂತಿರುತ್ತದೆ. ಇಪ್ಪತ್ತು ಸಾವಿರ ಆಟ, ಒಂದೊಂದಕ್ಕೆ ಎರಡು ಕಿಲೋಬೈಟ್ ಬರಹ ಎಂದರೆ ಬರೀ ಅಕ್ಷರಗಳೇ 40 ಎಂಬಿ. ಅದನ್ನು ಬಿಡಿಸಿ ಜೋಡಿಸಿಕೊಂಡಾಗ ಇನ್ನೂ ಹೆಚ್ಚು ಹಿಡಿಯುತ್ತದೆ. 'ಎಲ್ಲ ಆಟಗಳು' ಎಂಬ ಒಟ್ಟುಪಟ್ಟಿಯನ್ನು ಚಾಲೂ ಮಾಡಿದರೆ ಅದಕ್ಕೆ ಬೇರೆ ಜಾಗ ಬೇಕು.

ಅಕ್ಷರದ ಭಾರವಾದರೂ ತಾಳಿಕೊಳ್ಳಬಹುದು. ಚಿತ್ರದ ಭಾರ ಬೇರೆಯೇ. ಪ್ರತಿ ಆಟದ ಹೆಸರಿನ ಪಕ್ಕದಲ್ಲಿ ಅದರ ಡಬ್ಬಿಯ ಚಿತ್ರ ಕಾಣುತ್ತದಲ್ಲ, ಅದು ಕಾರ್ಡಿನಲ್ಲಿ ಅಡಕವಾಗಿ ನೂರಿನ್ನೂರು ಕಿಲೋಬೈಟಿನಲ್ಲಿ ಮಲಗಿರುತ್ತದೆ. ತೆರೆಯ ಮೇಲೆ ಮೂಡಬೇಕಾದರೆ ಪೂರ್ತಿ ಬಿಚ್ಚಿಕೊಳ್ಳಬೇಕು. ಬಿಚ್ಚಿದಾಗ ಒಂದೊಂದು ಬಿಂದುವಿಗೆ 4 ಬೈಟ್. 1920 ಅಗಲ, 1080 ಎತ್ತರದ ಚಿತ್ರವಾದರೆ 80 ಲಕ್ಷ ಬೈಟಿಗೂ ಮೇಲೆ, ಅಂದರೆ ಸುಮಾರು 8 ಎಂಬಿ. ಮಾರಿಯೋ ಆಟ 40 ಕಿಲೋಬೈಟ್, ಅದರ ಮುಖಚಿತ್ರ ಅದರ 200 ಪಟ್ಟು! ಮಗು ಪಟ್ಟಿಯನ್ನು ಜೋರಾಗಿ ಜಗ್ಗಿದಾಗ ಇಂಥ ಚಿತ್ರಗಳು ಒಂದರ ಹಿಂದೆ ಒಂದು ರ‍್ಯಾಮಿಗೆ ನುಗ್ಗುತ್ತವೆ. ಪೈನಲ್ಲಿ ಚಿತ್ರದ ಚಿಪ್ಪಿಗೂ ಪ್ರೊಸೆಸರಿಗೂ ಇರುವುದು ಒಂದೇ ರ‍್ಯಾಮ್, ಹಂಚಿಕೊಂಡೇ ಬದುಕಬೇಕು. ಇನ್ನು ಆಟದ ತುಣುಕು ವೀಡಿಯೋಗಳನ್ನೂ ಮೆನುವಿನಲ್ಲಿ ಓಡಿಸಿದರೆ ಯಂತ್ರ ನಿಲ್ಲದೆ ಏನು ಮಾಡೀತು?

ಪರಿಹಾರವೂ ಅದೇ ಲೆಕ್ಕದಲ್ಲಿದೆ. ಚಿತ್ರವನ್ನು 400 ಅಗಲ, 300 ಎತ್ತರಕ್ಕೆ ಇಳಿಸಿದರೆ ಬಿಚ್ಚಿದಾಗ ಹಿಡಿಯುವುದು 480 ಕಿಲೋಬೈಟ್. ಮೊದಲಿನ ಹದಿನೇಳರಲ್ಲಿ ಒಂದು ಪಾಲು. ಹಳೆಯ ಆಟದ ಚಿತ್ರಕ್ಕೆ ಅದು ಬೇಕಾದಷ್ಟಾಯಿತು. ಫೈಲು ಎಷ್ಟು ಕಿಲೋಬೈಟ್ ಎಂದು ನೋಡಬೇಡಿ, ಅಗಲ ಎತ್ತರ ಎಷ್ಟು ಎಂದು ನೋಡಿ. ವೀಡಿಯೋ ತುಣುಕುಗಳನ್ನು ತೆಗೆಯಿರಿ. ವಿವರಣೆಯ ಬರಹ ಯಾರೂ ಓದುವುದಿಲ್ಲ, ಅದನ್ನೂ ತೆಗೆಯಬಹುದು. ಮೆನುವಿನ ಸೆಟ್ಟಿಂಗಿನಲ್ಲಿ ಚಿತ್ರಕ್ಕೆ ಎಷ್ಟು ರ‍್ಯಾಮ್ ಬಳಸಬೇಕು ಎಂಬ ಮಿತಿ ಇರುತ್ತದೆ, ಅದನ್ನು ಯಂತ್ರದ ಶಕ್ತಿಗೆ ತಕ್ಕಂತೆ ಇಳಿಸಿ. ಗೇಮ್‌ಲಿಸ್ಟ್ ಫೈಲನ್ನು ಮಾತ್ರ ಓದು, ಕಾರ್ಡನ್ನೆಲ್ಲ ಹುಡುಕಬೇಡ ಎಂದು ಹೇಳುವ ಆಯ್ಕೆಯೂ ಇದೆ, ಅದನ್ನು ಹಾಕಿದರೆ ಚಾಲೂ ಆಗುವುದು ಬೇಗವಾಗುತ್ತದೆ. ಎಮ್ಯುಲೇಟರುಗಳನ್ನು ನಡೆಸುವ ರೆಟ್ರೋಆರ್ಚ್ ಎಂಬ ತಂತ್ರಾಂಶ ಬಳಸುವವರು ಅದರ ಆರ್‌ಜಿಯುಐ ಎಂಬ ಸಾದಾ ಮೆನುವನ್ನೇ ಇಟ್ಟುಕೊಳ್ಳಲಿ. ನೋಡಲು ಬೋಳಾಗಿದೆ, ಆದರೆ ಅದರಷ್ಟು ಹಗುರವಾದದ್ದು ಮತ್ತೊಂದಿಲ್ಲ.

ಇಷ್ಟು ಮಾಡಿದರೂ ಮುಖ್ಯ ಕೆಲಸ ಉಳಿದೇ ಇರುತ್ತದೆ. ನಮ್ಮ ಸೀಮೆಯ ಹಿರಿಯರು ಹಗೇವಿನಲ್ಲಿ ಜೋಳ ತುಂಬಿಡುತ್ತಿದ್ದರು. ಹಗೇವಿನಲ್ಲಿ ಎಷ್ಟೇ ಚೀಲ ಇರಲಿ, ಹೊರಗೆ ತೆಗೆದು ಹಸನು ಮಾಡಿ ಬೀಸುತ್ತಿದ್ದುದು ಆಗಿನ ಊಟಕ್ಕೆ ಬೇಕಾದಷ್ಟನ್ನೇ. ಆಟದ ಸಂಗ್ರಹಕ್ಕೂ ಹೀಗೆ ಎರಡು ಜಾಗ ಬೇಕು. ಪೂರ್ತಿ ಸಂಗ್ರಹ ಒಂದು ಹಾರ್ಡ್ ಡಿಸ್ಕಿನಲ್ಲಿ ಕಪಾಟಿನೊಳಗಿರಲಿ. ಮಕ್ಕಳು ಆಡುವ ಯಂತ್ರದ ಕಾರ್ಡಿನಲ್ಲಿ ಆರಿಸಿದ ಐವತ್ತು ಅರವತ್ತು ಆಟ ಸಾಕು. ಒಂದು ಸೂಟಿಗೆ ಅಷ್ಟು ಮುಗಿದರೆ ಮುಂದಿನ ಸೂಟಿಗೆ ಬೇರೆ ಆರಿಸಿದರಾಯಿತು. ಸಾವಿರಾರು ಆಟಗಳ ಪಟ್ಟಿಯ ಮುಂದೆ ಕೂತ ಮಗು ಯಾವುದನ್ನೂ ಮನಸಿಟ್ಟು ಆಡುವುದಿಲ್ಲ. ಮೊದಲ ಸೋಲಿಗೇ ಇನ್ನೊಂದಕ್ಕೆ ಹಾರುತ್ತದೆ. ಓಣಿಯಲ್ಲಿ ಒಂದೇ ಕ್ಯಾಸೆಟ್ಟು ಇದ್ದ ಕಾಲದಲ್ಲಿ ಕಾಂಟ್ರಾ ಎಂಬ ಆಟದ ಒಂದೊಂದು ಗುಂಡು ಎಲ್ಲಿಂದ ಬರುತ್ತದೆ ಎಂಬುದು ನಮಗೆ ಬಾಯಿಪಾಠವಾಗಿತ್ತು. ಆ ಪಳಗುವಿಕೆ ಇವತ್ತಿನ ಮಕ್ಕಳಿಗೂ ಸಿಗಬೇಕು ಎಂಬುದು ನನ್ನ ಆಸೆ.

ಹಸನು ಮಾಡುವಾಗ ಮೊದಲು ತೆಗೆಯಬೇಕಾದ್ದು ನಕಲುಗಳನ್ನು. ಹಲವು ಸಂಗ್ರಹಗಳಲ್ಲಿ ಫೈಲಿನ ಹೆಸರಿನ ಕೊನೆಗೆ ಚದರ ಆವರಣದಲ್ಲಿ ಗುರುತುಗಳಿರುತ್ತವೆ. ಉದ್ಗಾರ ಚಿಹ್ನೆ ಇದ್ದರೆ ಅದು ಪರಿಶೀಲಿಸಿದ ಒಳ್ಳೆಯ ಪ್ರತಿ. ಇಂಗ್ಲಿಷಿನ ಬಿ ಅಕ್ಷರ ಇದ್ದರೆ ಕೆಟ್ಟ ಪ್ರತಿ, ಎಚ್ ಇದ್ದರೆ ಯಾರೋ ತಿದ್ದಿದ್ದು. ಆದರೆ ಹೆಸರನ್ನು ಪೂರ್ತಿ ನಂಬಬಾರದು, ಯಾರು ಬೇಕಾದರೂ ಹೆಸರು ಬದಲಿಸಬಹುದು. ನಂಬಬೇಕಾದ್ದು ಚೆಕ್‌ಸಮ್ ಅನ್ನು. ಫೈಲಿನ ಒಂದೊಂದು ಬೈಟನ್ನೂ ಲೆಕ್ಕ ಹಾಕಿ ತೆಗೆದ ಸಂಖ್ಯೆ ಅದು, ಬೆರಳಚ್ಚು ಇದ್ದಂತೆ ಪ್ರತಿಯೊಂದಕ್ಕೂ ಬೇರೆ. ಜಗತ್ತಿನ ಆಸಕ್ತರು ಸೇರಿ ಕ್ಯಾಸೆಟ್ಟಿನ ಆಟಗಳಿಗೆ ನೋ-ಇಂಟ್ರೋ, ಸಿಡಿಯ ಆಟಗಳಿಗೆ ರೀಡಂಪ್ ಎಂಬ ಹೆಸರಿನಲ್ಲಿ ಸರಿಯಾದ ಪ್ರತಿಗಳ ಚೆಕ್‌ಸಮ್ ಪಟ್ಟಿ ಮಾಡಿಟ್ಟಿದ್ದಾರೆ. ಕ್ಲಿಯರ್‌ಮೇಮ್‌ಪ್ರೋ, ರೋಮ್‌ವಾಲ್ಟ್ ಎಂಬ ತಂತ್ರಾಂಶಗಳು ನಿಮ್ಮ ಸಂಗ್ರಹವನ್ನು ಆ ಪಟ್ಟಿಯೊಂದಿಗೆ ತಾಳೆ ನೋಡುತ್ತವೆ. ಒಂದು ಆಟಕ್ಕೆ ಒಂದೇ ಫೈಲು ಎಂಬ ನಿಯಮ ಹಾಕಿಕೊಂಡರೆ ಸಂಗ್ರಹ ಒಮ್ಮೆಗೇ ಇಳಿದುಬಿಡುತ್ತದೆ. ಈ ಕೆಲಸವನ್ನು ಆಟದ ಯಂತ್ರದಲ್ಲಿ ಮಾಡಬೇಡಿ, ಮನೆಯ ಕಂಪ್ಯೂಟರಿನಲ್ಲಿ ಮಾಡಿ, ಹಸನಾದದ್ದನ್ನು ಮಾತ್ರ ಕಾರ್ಡಿಗೆ ಹಾಕಿ.

ಅಮೆರಿಕ, ಜಪಾನ್, ಯೂರೋಪಿನ ಪ್ರತಿಗಳಲ್ಲಿ ಯಾವುದನ್ನು ಇಟ್ಟುಕೊಳ್ಳುವುದು ಎಂಬ ಪ್ರಶ್ನೆ ಬರುತ್ತದೆ. ಅಮೆರಿಕದ್ದು ಇರಲಿ ಎನ್ನುತ್ತೇನೆ. ಅದು ಸೆಕೆಂಡಿಗೆ 60 ಚಿತ್ರದ ಲೆಕ್ಕದಲ್ಲಿ ಓಡುತ್ತದೆ, ಭಾಷೆಯೂ ಇಂಗ್ಲಿಷು. ಆದರೆ ಇಲ್ಲೊಂದು ಸ್ವಾರಸ್ಯ ಉಂಟು. ನಮ್ಮ ದೇಶದ ಟಿವಿ ಪಾಲ್ ಪದ್ಧತಿಯದು, ಅಲ್ಲಿ ಸೆಕೆಂಡಿಗೆ 50. ಆ ಟಿವಿಗೆ ಹೊಂದುವಂತೆ ಮಾಡಿದ ತದ್ರೂಪು ಯಂತ್ರಗಳಲ್ಲಿ ಆಟ ಆರನೆಯ ಒಂದು ಭಾಗ ನಿಧಾನವಾಗಿ ಓಡುತ್ತಿತ್ತು. ಹಳೆಯ ಮಾರಿಯೋವನ್ನು ಈಗ ಎಮ್ಯುಲೇಟರಿನಲ್ಲಿ ಆಡಿದವರು ಯಾಕೋ ಅವಸರ ಹೆಚ್ಚಾಗಿದೆ, ಆ ಮಜಾ ಇಲ್ಲ ಎನ್ನುವುದುಂಟು. ಅವರ ನೆನಪು ಸುಳ್ಳಾಡುತ್ತಿಲ್ಲ. ಎಫ್‌ಸಿಇಯುಎಂಎಂ ಎಂಬ ಎಮ್ಯುಲೇಟರಿನ ಸೆಟ್ಟಿಂಗಿನಲ್ಲಿ ಡೆಂಡಿ ಎಂಬ ಆಯ್ಕೆ ಇದೆ. ಡೆಂಡಿ ಎನ್ನುವುದು ರಷ್ಯಾದಲ್ಲಿ ಮಾರಾಟವಾದ ಇಂಥದೇ ತದ್ರೂಪು ಯಂತ್ರದ ಹೆಸರು. ಅದನ್ನು ಆರಿಸಿದರೆ 50ರ ಲಯ ಮರಳಿ ಬರುತ್ತದೆ. ಬಂದೂಕು ಹಿಡಿದು ಬಾತುಕೋಳಿ ಹೊಡೆಯುವ ಆಟ ಮಾತ್ರ ಈಗಿನ ಟಿವಿಯಲ್ಲಿ ಆ ಹಳೆಯ ಬಂದೂಕಿನಿಂದ ಆಗುವುದಿಲ್ಲ. ಹಳೆಯ ಡಬ್ಬಾ ಟಿವಿಯ ಬೆಳಕು ಮೂಡುವ ಗಳಿಗೆಯನ್ನು ನೋಡಿ ಆ ಬಂದೂಕು ಗುರಿ ತಿಳಿಯುತ್ತಿತ್ತು. ಚಪ್ಪಟೆ ಟಿವಿಯ ಬೆಳಕು ಆ ರೀತಿಯದಲ್ಲ, ತಡವಾಗಿಯೂ ಬರುತ್ತದೆ.

ನಾಣ್ಯ ಹಾಕಿ ಆಡುವ ದೊಡ್ಡ ಪೆಟ್ಟಿಗೆಯ ಆಟಗಳ ಕಥೆ ಬೇರೆ. ಅವುಗಳ ಎಮ್ಯುಲೇಟರ್ ಮೇಮ್. ಇಟಲಿಯ ನಿಕೋಲಾ ಸಾಲ್ಮೋರಿಯಾ ಅದನ್ನು 1997ರ ಫೆಬ್ರವರಿಯಲ್ಲಿ ಹೊರತಂದರು. ಮೇಮ್‌ನ ಗುರಿ ಆಡಿಸುವುದಕ್ಕಿಂತ ಹೆಚ್ಚಾಗಿ ದಾಖಲಿಸುವುದು. ಆದ್ದರಿಂದ ಅದರ ಪೂರ್ತಿ ಸಂಗ್ರಹದಲ್ಲಿ ಜೂಜಿನ ಯಂತ್ರಗಳು, ಜಪಾನಿನ ಮಾಜೋಂಗ್ ಆಟಗಳು, ಇನ್ನೂ ಕೆಲಸ ಮಾಡದ ಯಂತ್ರಗಳು ಎಲ್ಲ ಇರುತ್ತವೆ. ನಮ್ಮ ಮಕ್ಕಳಿಗೆ ಅವು ಬೇಡ, ಮೊದಲೇ ಬೇರ್ಪಡಿಸಿ. ಮೇಮ್‌ನ ಇನ್ನೊಂದು ಕಟ್ಟುನಿಟ್ಟು ಏನೆಂದರೆ, ಎಮ್ಯುಲೇಟರಿನ ಆವೃತ್ತಿಗೂ ಆಟದ ಫೈಲಿನ ಆವೃತ್ತಿಗೂ ಹೊಂದಿಕೆಯಾಗಬೇಕು. ಸಣ್ಣ ಯಂತ್ರಗಳಲ್ಲಿ ಹೆಚ್ಚಾಗಿ ಬಳಸುವ ಮೇಮ್ 2003 ಎಂಬುದಕ್ಕೆ 0.78ನೆಯ ಆವೃತ್ತಿಯ ಫೈಲುಗಳೇ ಬೇಕು. ಹೊಸ ಫೈಲು ಕೊಟ್ಟರೆ ಕಪ್ಪು ಪರದೆ. ಆಟ ಕೆಟ್ಟಿದೆ ಎಂದು ಜನ ಅಳಿಸಿಬಿಡುತ್ತಾರೆ, ಕೆಟ್ಟಿರುವುದಿಲ್ಲ. ಕೆಲವು ಆಟಗಳ ಫೈಲು ತನ್ನ ಮೂಲ ಆಟದ ಫೈಲನ್ನು ಅವಲಂಬಿಸಿರುತ್ತದೆ, ಮೂಲವನ್ನು ಅಳಿಸಿದರೆ ಎರಡೂ ಹೋದವು. ನಾಲ್ಕಾರು ಆಟ ಆರಿಸಿಕೊಳ್ಳುವವರು ನಾನ್-ಮರ್ಜ್ಡ್ ಎಂಬ ಬಗೆಯ ಫೈಲುಗಳನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಅಲ್ಲಿ ಆಟಕ್ಕೆ ಬೇಕಾದದ್ದು ಬಹುಪಾಲು ಒಂದೇ ಜಿಪ್ಪಿನಲ್ಲಿರುತ್ತದೆ.

ಮೇಮ್ ಪಟ್ಟಿಯಲ್ಲಿ ಮುಸ್ತಫಾ ಎಂದು ಹುಡುಕಿ ನೋಡಿ, ಆ ಹೆಸರಿನ ಫೈಲು ಸಿಗುವುದಿಲ್ಲ. ಕಂಪ್ಯೂಟರ್ ಕ್ಲಾಸಿನಲ್ಲಿ, ಸೈಬರಿನಲ್ಲಿ, ದೊಡ್ಡ ಊರಿನ ಗೇಮ್ ಅಂಗಡಿಯಲ್ಲಿ ಆ ಆಟ ಆಡಿದ ನಮ್ಮ ಹುಡುಗರೆಲ್ಲ ಅದನ್ನು ಕರೆದದ್ದು ಮುಸ್ತಫಾ ಎಂದೇ. ಹಳದಿ ಟೋಪಿಯ ಹೀರೋ ಓಡಿಬಂದು ಒದೆಯುವ ಆಟ. ಅದರ ನಿಜವಾದ ಹೆಸರು ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್. ಜಪಾನಿನ ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ಮಾಡಿದ್ದು. ಮೇಮ್‌ನಲ್ಲಿ ಅದರ ಫೈಲಿನ ಹೆಸರು ಡಿನೋ. ಹಳೆಯ ಡಾಸ್ ಕಾಲದಲ್ಲಿ ಫೈಲಿನ ಹೆಸರು ಎಂಟಕ್ಷರ ದಾಟುವಂತಿರಲಿಲ್ಲವಾದ್ದರಿಂದ ಇಂಥ ಮೊಟಕು ಹೆಸರುಗಳು ಉಳಿದುಕೊಂಡಿವೆ. ಸವಣೂರಿನ ಒಬ್ಬ ತಂದೆ ಮಗನಿಗೆ ಮುಸ್ತಫಾ ತೋರಿಸಬೇಕೆಂದು ಕೂತರೆ ಸಾವಿರಾರು ಹೆಸರುಗಳ ನಡುವೆ ಅದು ಅವನ ಕಣ್ಣಿಗೆ ಬೀಳುವುದೇ ಇಲ್ಲ. ಬ್ಯಾಟಲ್ ಸಿಟಿ ಎಂಬ ಆಟ ನಮಗೆ ಬರೀ ಟ್ಯಾಂಕ್ ಗೇಮು, ಸರ್ಕಸ್ ಚಾರ್ಲಿ ಎಂಬುದು ಸರ್ಕಸ್ಸು. ಸಂಗ್ರಹ ಎಷ್ಟೇ ದೊಡ್ಡದಿರಲಿ, ನಮ್ಮ ಜನ ಕರೆದ ಹೆಸರಿನಿಂದ ಆಟ ಸಿಗದಿದ್ದರೆ ಆ ಪಟ್ಟಿ ನಮ್ಮದಾಗುವುದಿಲ್ಲ.

ಹೆಸರುಗಳನ್ನು ಕನ್ನಡದಲ್ಲೇ ಹಾಕೋಣ ಎಂದರೆ ಇನ್ನೊಂದು ತೊಡಕು. ಈ ಹಗುರವಾದ ಮೆನುಗಳು ಕನ್ನಡದ ಒತ್ತಕ್ಷರ, ಗುಣಿತಗಳನ್ನು ಸರಿಯಾಗಿ ಕೂಡಿಸಿ ತೋರಿಸುವಂತೆ ಮಾಡಿದವುಗಳಲ್ಲ. ಅಕ್ಷರ ಒಡೆದು ಚೆಲ್ಲಾಪಿಲ್ಲಿಯಾಗುತ್ತದೆ, ಇಲ್ಲವೇ ಬರೀ ಚೌಕ ಕಾಣುತ್ತದೆ. ನಾನು ಹೇಳುವ ಉಪಾಯ ಇದು: ಆಟದ ಡಬ್ಬಿಯ ಚಿತ್ರದ ಬದಲು ನಿಮ್ಮದೇ ಒಂದು ಚಿತ್ರ ಹಾಕಿ. 320 ಅಗಲ, 240 ಎತ್ತರದ ಚಿತ್ರ, ಅದರ ಮೇಲೆ ಕನ್ನಡದಲ್ಲಿ ಮುಸ್ತಫಾ ಎಂದು ದೊಡ್ಡದಾಗಿ ಬರೆದಿರಲಿ. ಚಿತ್ರವಾದ್ದರಿಂದ ಅಕ್ಷರ ಒಡೆಯುವ ಪ್ರಶ್ನೆಯಿಲ್ಲ. ಬಿಚ್ಚಿದಾಗ ಹಿಡಿಯುವುದು ಸುಮಾರು 300 ಕಿಲೋಬೈಟ್. ಇನ್ನೂ ಚೆಂದವೆಂದರೆ ಮಕ್ಕಳ ಕೈಯಲ್ಲೇ ಕಾಗದದ ಮೇಲೆ ಬಣ್ಣದಲ್ಲಿ ಬರೆಸಿ, ಮೊಬೈಲಿನಲ್ಲಿ ಫೋಟೋ ತೆಗೆದು, ಸಣ್ಣದು ಮಾಡಿ ಹಾಕುವುದು. ಅರವತ್ತು ಆಟಕ್ಕೆ ಅರವತ್ತು ಚಿತ್ರ. ಒಂದು ಸೂಟಿಯ ಕೆಲಸವಾಯಿತು, ಇಡೀ ಪಟ್ಟಿ ಆ ಮನೆಯದಾಯಿತು.

ಕಾರ್ಡಿನ ಬಗ್ಗೆ ಎರಡು ಮಾತು. ಸಂತೆಯಲ್ಲಿ, ಕೆಲವು ಸಲ ಆನ್‌ಲೈನಿನಲ್ಲೂ ಸಿಗುವ ತೀರ ಅಗ್ಗದ ದೊಡ್ಡ ಕಾರ್ಡುಗಳಲ್ಲಿ ನಕಲಿ ಇರುತ್ತವೆ. 256 ಜಿಬಿ ಎಂದು ತೋರಿಸುತ್ತವೆ, ಒಳಗೆ ಅದರ ಕಾಲುಪಾಲೂ ಇರುವುದಿಲ್ಲ. ತುಂಬಿದ್ದೆಲ್ಲ ತುಂಬಿದಂತೆ ಕಾಣುತ್ತದೆ, ತೆರೆದರೆ ಮಾತ್ರ ಇಲ್ಲ. ಎಫ್3, ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ತಂತ್ರಾಂಶಗಳು ಕಾರ್ಡನ್ನು ಪೂರ್ತಿ ತುಂಬಿಸಿ, ಮರಳಿ ಓದಿ ಅಸಲಿಯೋ ನಕಲಿಯೋ ಹೇಳುತ್ತವೆ. ಹೊಸ ಕಾರ್ಡು ತಂದ ದಿನವೇ ನೋಡಿಬಿಡಿ. ಇನ್ನು ಕಾರ್ಡನ್ನು ಫ್ಯಾಟ್32 ಪದ್ಧತಿಯಲ್ಲಿ ಸಜ್ಜುಗೊಳಿಸಿದ್ದರೆ ಒಂದು ಫೋಲ್ಡರಿಗೆ 65,536 ನಮೂದುಗಳ ಮಿತಿ ಇದೆ. ಉದ್ದ ಹೆಸರಿನ ಒಂದು ಫೈಲು ಹಲವು ನಮೂದುಗಳನ್ನು ತಿನ್ನುತ್ತದೆ. 50 ಅಕ್ಷರದ ಹೆಸರಾದರೆ ಐದು. ಅಂದರೆ ಹದಿಮೂರು ಸಾವಿರ ಫೈಲಿಗೇ ಫೋಲ್ಡರು ಭರ್ತಿ, ಕಾರ್ಡಿನಲ್ಲಿ ಜಾಗ ಬೇಕಾದಷ್ಟಿದ್ದರೂ ಮುಂದಿನದನ್ನು ಒಳಗೆ ಬಿಡುವುದಿಲ್ಲ. ಆಟ, ಚಿತ್ರ, ಉಳಿಸಿದ ಹಂತಗಳು, ಎಲ್ಲವನ್ನೂ ಒಂದೇ ಫೋಲ್ಡರಿನಲ್ಲಿ ಸುರಿದವರಿಗೆ ಈ ಗೋಡೆ ಎದುರಾಗುತ್ತದೆ. ಬೇರೆ ಬೇರೆ ಫೋಲ್ಡರು ಮಾಡಿ. ಸಿಡಿಯ ಆಟಗಳನ್ನು ಸಿಎಚ್‌ಡಿ ಎಂಬ ರೂಪಕ್ಕೆ ಬದಲಿಸಿಡಿ, ಹತ್ತಾರು ಚೂರುಗಳ ಬದಲು ಒಂದೇ ಫೈಲಾಗುತ್ತದೆ, ಏನನ್ನೂ ಕಳೆದುಕೊಳ್ಳದೆ ಗಾತ್ರವೂ ಇಳಿಯುತ್ತದೆ. ದೊಡ್ಡ ಸಿಡಿ ಆಟವನ್ನು ಜಿಪ್ ಮಾಡಿಟ್ಟರೆ ಆಡುವಾಗ ಅದನ್ನು ಬಿಚ್ಚಲು ಸಣ್ಣ ಯಂತ್ರದಲ್ಲಿ ಜಾಗವಿರುವುದಿಲ್ಲ.

ರ‍್ಯಾಮ್ ಸಾಲದೆ ಹೋದರೆ ಕಾರ್ಡಿನದೇ ಒಂದಿಷ್ಟು ಭಾಗವನ್ನು ರ‍್ಯಾಮಿನಂತೆ ಬಳಸುವ ಸ್ವಾಪ್ ಎಂಬ ವ್ಯವಸ್ಥೆ ಇದೆ. ನಾನು ಅದನ್ನು ಒಪ್ಪುವುದಿಲ್ಲ. ಕಾರ್ಡು ನಿಧಾನ, ಮೇಲಾಗಿ ಬರೆದು ಅಳಿಸಿದಷ್ಟೂ ಸವೆಯುತ್ತದೆ. ಅದರ ಬದಲು ಜ಼ಡ್‌ರ‍್ಯಾಮ್ ಹಾಕಿಕೊಳ್ಳಿ. ಅದು ಸದ್ಯಕ್ಕೆ ಬೇಡವಾದುದನ್ನು ರ‍್ಯಾಮಿನೊಳಗೇ ಅಡಕ ಮಾಡಿ ಇಡುತ್ತದೆ. ನಮ್ಮ ಊರುಗಳಲ್ಲಿ ಕರೆಂಟಿನದು ಇನ್ನೊಂದು ತಾಪತ್ರಯ. ಕಾರ್ಡಿಗೆ ಬರೆಯುತ್ತಿರುವಾಗ ಕರೆಂಟು ಹೋದರೆ ಪಟ್ಟಿಯ ಫೈಲೇ ಕೆಡಬಹುದು. ಹಸನು ಮಾಡಿ ಮುಗಿಸಿದ ಕಾರ್ಡಿನ ಪೂರ್ತಿ ಪ್ರತಿಯೊಂದನ್ನು ಮನೆಯ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಿ. ಕೆಟ್ಟರೆ ಮತ್ತೆ ಹಾಕಿದರಾಯಿತು.

ಕಾನೂನಿನ ಮಾತನ್ನು ಬಿಟ್ಟು ಈ ವಿಷಯ ಮುಗಿಸುವುದು ಸರಿಯಲ್ಲ. ಹಳೆಯ ಆಟವೆಂದರೆ ಒಡೆಯನಿಲ್ಲದ ಆಟವಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೆಯ ಕಲಮು, ಕಂಪ್ಯೂಟರ್ ತಂತ್ರಾಂಶವನ್ನು ನ್ಯಾಯವಾಗಿ ಹೊಂದಿದವನು ಅದು ಹಾಳಾದೀತು, ಕಳೆದೀತು ಎಂಬ ಕಾರಣಕ್ಕೆ ಕಾಪು ಪ್ರತಿ ಮಾಡಿಕೊಳ್ಳಲು ಅವಕಾಶ ಕೊಡುತ್ತದೆ. ಹತ್ತು ಸಾವಿರ ಆಟ ತುಂಬಿ ಮಾರುವುದಕ್ಕೆ ಅದು ಅವಕಾಶ ಕೊಡುವುದಿಲ್ಲ. ಹಳೆಯ ಯಂತ್ರಗಳಿಗೆಂದೇ ಇವತ್ತಿಗೂ ಹೊಸದಾಗಿ ಆಟ ಮಾಡುವವರಿದ್ದಾರೆ. ಅವುಗಳಲ್ಲಿ ಎಷ್ಟೋ ಉಚಿತ, ಕೆಲವು ಅಲ್ಪ ಬೆಲೆಗೆ. 2019ರಲ್ಲಿ ಮಾರ್ಫ್‌ಕ್ಯಾಟ್ ಗೇಮ್ಸ್ ಹೊರತಂದ ಮೈಕ್ರೋ ಮೇಜಸ್ ಎಂಬ ಆಟವನ್ನು ನಾಲ್ಕು ಮಂದಿ ಒಟ್ಟಿಗೆ ಆಡಬಹುದು, ಗಾತ್ರ ಹಳೆಯ ಮಾರಿಯೋದಷ್ಟೇ, 40 ಕಿಲೋಬೈಟ್. ನಿಮ್ಮ ಅರವತ್ತರ ಪಟ್ಟಿಯಲ್ಲಿ ಇಂಥವೂ ಇರಲಿ.

ಇನ್ನೊಂದು ಮಗ್ಗುಲೂ ಇದೆ. ಅಮೆರಿಕದ ವೀಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಆ ದೇಶದಲ್ಲಿ 2010ಕ್ಕಿಂತ ಮೊದಲು ಬಂದ ಆಟಗಳಲ್ಲಿ ನೂರಕ್ಕೆ 87 ಇವತ್ತು ಅಂಗಡಿಯಲ್ಲಿ ಸಿಗುವುದಿಲ್ಲ ಎಂದು ಅದು ಹೇಳಿತು. ಅಂಥ ದೇಶದ್ದೇ ಈ ಸ್ಥಿತಿಯಾದರೆ, ತದ್ರೂಪು ಯಂತ್ರ, ಹೆಸರಿಲ್ಲದ ಕ್ಯಾಸೆಟ್ಟುಗಳ ಮೂಲಕ ನಮ್ಮ ಊರಿಗೆ ಬಂದ ಆಟಗಳ ಇತಿಹಾಸವನ್ನು ಯಾರು ಬರೆದಿಟ್ಟಾರು? ಯಾವ ಆಟವನ್ನು ಯಾವ ಹೆಸರಿನಿಂದ ಕರೆದರು, ತಾಸಿಗೆ ಎಷ್ಟು ಕೊಟ್ಟರು, ಸೋತವನು ಕಂಟ್ರೋಲರನ್ನು ಯಾರಿಗೆ ಕೊಡಬೇಕೆಂಬ ನಿಯಮ ಏನಿತ್ತು, ಇವು ಯಾವ ಚೆಕ್‌ಸಮ್ ಪಟ್ಟಿಯಲ್ಲೂ ಇಲ್ಲ.

ಆಟಗಳನ್ನು ವರ್ಗ ಮಾಡಿ ಬರೆದಿಡುವ ಕೆಲಸ ಈ ನೆಲಕ್ಕೆ ಹೊಸದೇನೂ ಅಲ್ಲ. ಈ ಸೀಮೆಯನ್ನು ಆಳಿದ ಹಾನಗಲ್ಲ ಕದಂಬರು ಕಲ್ಯಾಣ ಚಾಲುಕ್ಯರ ಸಾಮಂತರಾಗಿದ್ದರು. ಆ ಚಾಲುಕ್ಯರ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಮೊದಲರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ನೂರು ಅಧ್ಯಾಯಗಳಿವೆ. ಇಪ್ಪತ್ತಿಪ್ಪತ್ತರ ಐದು ಭಾಗ. ಅದರಲ್ಲಿ ಒಂದು ಪೂರ್ತಿ ಭಾಗ ವಿನೋದಗಳಿಗೆ, ಇನ್ನೊಂದು ಪೂರ್ತಿ ಭಾಗ ಕ್ರೀಡೆಗಳಿಗೆ ಮೀಸಲು. ಅರಸನೊಬ್ಬ ಅಷ್ಟು ಮುತುವರ್ಜಿಯಿಂದ ಆಟಗಳನ್ನು ಬರೆದಿಟ್ಟಿದ್ದರಿಂದ ಆ ಕಾಲದ ಜೀವನ ಇವತ್ತು ನಮಗೆ ಕಾಣುತ್ತಿದೆ.

ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇದೆ. ಅಳಗುಳಿಮನೆ, ಚೌಕಾಬಾರ, ಹುಲಿಕುರಿ ಆಟಗಳ ಪಕ್ಕದಲ್ಲೇ ಈ ಟಿವಿ ಆಟಗಳ ನೆನಪುಗಳಿಗೂ ಅಧ್ಯಯನದಲ್ಲಿ ಒಂದು ಜಾಗ ಸಿಗಬೇಕು ಎಂದು ನಾನು ಅಲ್ಲಿಯ ವಿದ್ಯಾರ್ಥಿಗಳನ್ನು ಕೇಳಿಕೊಳ್ಳುತ್ತೇನೆ. ಆಡಿದವರು ಈಗ ನಲವತ್ತರ ಆಸುಪಾಸಿನಲ್ಲಿದ್ದಾರೆ, ನಮ್ಮ ತಾಲೂಕುಗಳಲ್ಲೇ ಕೈಗೆಟುಕುತ್ತಾರೆ, ನೆನಪು ಇನ್ನೂ ಹಸಿಯಾಗಿದೆ.

ಕೇಳುಗರಲ್ಲೂ ಒಂದು ವಿನಂತಿ. ಅಟ್ಟದ ಮೇಲೆ, ಟ್ರಂಕಿನಲ್ಲಿ ಹಳೆಯ ಗೇಮ್ ಕ್ಯಾಸೆಟ್ಟು ಇದ್ದರೆ ಗುಜರಿಗೆ ಹಾಕಬೇಡಿ. ಒಣಬಟ್ಟೆಯಲ್ಲಿ ಒರೆಸಿ, ತೇವ ತಾಗದ ಕಡೆ ಇಡಿ. ಒಂದು ನೋಟ್‌ಬುಕ್ಕಿನಲ್ಲಿ ಅದರೊಳಗಿನ ಆಟಗಳನ್ನು ನಿಮ್ಮ ಓಣಿಯಲ್ಲಿ ಯಾವ ಹೆಸರಿನಿಂದ ಕರೆಯುತ್ತಿದ್ದಿರೋ ಅದೇ ಹೆಸರಿನಿಂದ ಬರೆಯಿರಿ. ನಂತರ ಈ ಸೂಟಿಯಲ್ಲೇ ಮಕ್ಕಳ ಪಕ್ಕದಲ್ಲಿ ಕೂತು, ಅವರ ಯಂತ್ರದ ಪಟ್ಟಿಯಿಂದ ಬೇಡವಾದ ಸಾವಿರಾರು ಆಟಗಳನ್ನು ತೆಗೆದು ಬೇಕಾದ ಅರವತ್ತನ್ನು ಆರಿಸಿಕೊಡಿ.